ಸೀಟಿನಡಿಯ ಸದ್ದು

ಬೆಳಗಿನ ಎಂಟು ಗಂಟೆಗೆ ಕಸೀಮಾಲಿ ತನ್ನ ಅಂಗಡಿಯ ಬಾಗಿಲನ್ನು ಒಳಗಿನಿಂದ ಎಳೆದುಕೊಂಡು, ಕತ್ತಲಲ್ಲಿ ಹಳೆಯ ಬ್ಯಾಟರಿಯೊಂದರ ಮುಂದೆ ಕುಕ್ಕರಗಾಲಲ್ಲಿ ಕೂತು, ಬೆಂಕಿಪೊಟ್ಟಣದ ಅರ್ಧದಷ್ಟಿದ್ದ, ಕರೆಂಟು ತಾಗಿದಾಗ ಟಿಕ್ ಎನ್ನುವ ರಿಲೇಯೊಂದಕ್ಕೆ ವೈರು ಮುಟ್ಟಿಸಿ ತೆಗೆಯುತ್ತ, ಮುಟ್ಟಿಸಿ ತೆಗೆಯುತ್ತ, ಅದನ್ನು ಮೊಳದ ದೂರದಿಂದ ಕಿವಿಯ ಕಡೆಗೆ ತರತೊಡಗಿದ. ಹೋದ ಶರತ್ಕಾಲದಲ್ಲಿ ತೋಳು ಚಾಚಿದರೂ ಟಿಕ್ ಎಂಬ ಸದ್ದು ಬಂದು ಕಿವಿಯೊಳಗೆ ಕೂರುತ್ತಿತ್ತು. ಹೊಸ ವರ್ಷದ ಹೊತ್ತಿಗೆ ಅದು ಗೇಣಿಗೆ ಇಳಿದಿತ್ತು. ಇವತ್ತು ರಿಲೇಯ ಪ್ಲಾಸ್ಟಿಕ್ಕು ಕಿವಿಯ ಹಾಲೆಗೆ ತಣ್ಣಗೆ ತಾಗಿದ ಮೇಲೂ ಸದ್ದು ಬಂತೋ, ಬರಬೇಕೆಂಬ ಆಸೆಯೇ ಸದ್ದಾಯಿತೋ ಅವನಿಗೆ ತಿಳಿಯಲಿಲ್ಲ. ಬಿಷ್ಕೆಕ್‌ನ ಕಾರಿನ ಬಜಾರಿನ ಹಿಂದೆ, ಹಡಗಿನಿಂದ ಇಳಿದ ಕಬ್ಬಿಣದ ಕಂಟೇನರು ಪೆಟ್ಟಿಗೆಗಳನ್ನೇ ಅಂಗಡಿ ಮಾಡಿಕೊಂಡಿರುವ ನಮ್ಮ ಈ ಸಾಲಿನಲ್ಲಿ ಹಗಲು ಹೊತ್ತು ಬಾಗಿಲು ಹಾಕಿಕೊಳ್ಳುವವನು ಒಂದೋ ಕಳ್ಳ, ಇಲ್ಲ ಕುಡುಕ. ಮೂರನೆಯವನೊಬ್ಬ ಇರಬಹುದೆಂದು ಯಾರಿಗೂ ಹೊಳೆದಿರಲಿಲ್ಲ. ಪಕ್ಕದ ಪೆಟ್ಟಿಗೆಯ ಟೈರಿನ ಗೆನಾ ಬಾಗಿಲನ್ನು ಸ್ಪ್ಯಾನರಿನಿಂದ ಬಡಿದ. ಬಡಿತ ಮಾತ್ರ ಇವನಿಗೆ ಅಂಗಾಲಿನಲ್ಲಿ ಸಿಕ್ಕಿತು.

“ಏನಯ್ಯಾ ಕಸೀಮಾಲಿ, ಬೆಳಬೆಳಗ್ಗೆ ಬಾಗಿಲು ಹಾಕ್ಕೊಂಡು ಯಾರ ಜೊತೆ ಇದ್ದೀಯ? ಮಾಸ್ಕೋಗೆ ಫೋನ್ ಮಾಡಿ ನಿನ್ನ ಹೆಂಡ್ತಿಗೆ ಹೇಳ್ಬಿಡ್ಲಾ?”

ಬಾಗಿಲು ತೆರೆದಾಗ ಗೆನಾನ ಬಾಯಿ ಇನ್ನೂ ಆಡುತ್ತಿತ್ತು, ಹೊಟ್ಟೆ ನಗುವಿಗೆ ಕುಣಿಯುತ್ತಿತ್ತು. ಕಸೀಮಾಲಿ ಬಾಯಿಯನ್ನು ನೋಡಿ ಅದೇ ಹಳೆಯ ಮಾಸ್ಕೋದ ತಮಾಷೆಯೆಂದು ಊಹಿಸಿ, ಹೊಟ್ಟೆಯನ್ನು ನೋಡಿ ತಾನೂ ನಕ್ಕ. “ಹೇಳೋ, ಹೇಳು. ಅವಳು ನಂಬಿದ್ರೆ ನಿನ್ನ ಟೈರಿಗೆಲ್ಲ ನಾನೇ ಗಾಳಿ ಹಾಕ್ತೀನಿ, ಬಾಯಲ್ಲಿ.” ಇಷ್ಟು ದಿನ ಹೀಗೆಯೇ ನಡೆದಿತ್ತು: ಎದುರಿನವರ ಹೊಟ್ಟೆ ಕುಣಿದರೆ ನಗು, ಹುಬ್ಬು ಏರಿದರೆ ಹೂಂ, ತಲೆ ಅಲ್ಲಾಡಿದರೆ ಅಯ್ಯೋ.

ಅವನ ಕಿವಿಯ ಬಗ್ಗೆ ಒಂದು ಮಾತು ಹೇಳಲೇಬೇಕು. ಇದರಲ್ಲಿ ಒಂದಕ್ಷರ ಸುಳ್ಳಿದ್ದರೆ ನನ್ನ ನಾಲಿಗೆ ಬಿದ್ದುಹೋಗಲಿ. ಓಶ್ ಪಟ್ಟಣದಲ್ಲಿ ಯಾರೋ ತನ್ನ ಕಾರಿನ ಸೀಟು ಜರುಗಿಸಲು ಸ್ವಿಚ್ಚು ಒತ್ತಿದರೆ, ನಡುವೆ ಎರಡು ಹಿಮದ ಬೆಟ್ಟ, ಮೂರು ಹೊಳೆ, ಹನ್ನೊಂದು ಸಾವಿರ ಕುರಿಗಳ ಗದ್ದಲ ಇದ್ದರೂ, ಬಿಷ್ಕೆಕ್‌ನಲ್ಲಿ ಟೀ ಹೀರುತ್ತಿದ್ದ ಕಸೀಮಾಲಿ ಬಟ್ಟಲು ಕೆಳಗಿಟ್ಟು “ಪಾಪ, ಫ್ಯೂಸು ಹೋಯ್ತು” ಎನ್ನುತ್ತಿದ್ದ. ಒಬ್ಬ ಜರ್ಮನಿಯ ಇಂಜಿನಿಯರು ನಲವತ್ತು ಕಂಪ್ಯೂಟರು ಕಟ್ಟಿಕೊಂಡು ನಲವತ್ತು ದಿನ ಹುಡುಕಿ ಸೋತ ಸೀಟನ್ನು ಇವನು ಪಕ್ಕದಲ್ಲಿ ಹಾದುಹೋಗುತ್ತಲೇ, ನಿಲ್ಲದೆಯೇ, “ಎಡಗಡೆ ಮೋಟಾರಿನ ಪ್ಲಗ್ಗು” ಎಂದು ಹೇಳಿ ರೊಟ್ಟಿ ಕೊಳ್ಳಲು ಹೋದನಂತೆ. ಇಂಜಿನಿಯರು ಅಲ್ಲಿಯೇ ಅತ್ತುಬಿಟ್ಟನಂತೆ. ಮೋಟಾರಿನಿಂದ ಜರುಗುವ ಕಾರಿನ ಸೀಟುಗಳ ರಿಪೇರಿ ಅವನ ಕಸುಬು, ವಿದ್ಯೆಯೇನೋ ಅಂಗೈಯಗಲದ್ದು. ಸೀಟಿನ ಸ್ವಿಚ್ಚು ಒತ್ತಿದಾಗ ಅದರ ಹೊಟ್ಟೆಯಡಿಯ, ರಿಲೇ ಕೂತಿರುವ ಬಾಕ್ಸು ಟಿಕ್ ಎಂದರೆ ಬಾಕ್ಸು ಬದುಕಿದೆ, ತೊಂದರೆ ಅದರಿಂದಾಚೆ ಮೋಟಾರಿನ ದಾರಿಯಲ್ಲೆಲ್ಲೋ ಇದೆ. ಟಿಕ್ ಎನ್ನದಿದ್ದರೆ, ಫ್ಯೂಸೂ ಸ್ವಿಚ್ಚೂ ಸರಿಯಿದ್ದರೆ, ಬಾಕ್ಸು ಸತ್ತಿದೆ. ಉಳಿದವರು ಇದಕ್ಕೆ ಕರೆಂಟು ಅಳೆಯುವ ಮೀಟರು ಇಟ್ಟುಕೊಂಡಿದ್ದರು, ದೀಪ ಇಟ್ಟುಕೊಂಡಿದ್ದರು. ಕಸೀಮಾಲಿಯ ಅಂಗಡಿಯಲ್ಲಿ ಅವೆರಡೂ ಇರಲಿಲ್ಲ. ಮೀಟರು ಇಟ್ಟುಕೊಳ್ಳುವುದು ಊರುಗೋಲು ಹಿಡಿದ ಹಾಗೆ ಎಂದು ಇಪ್ಪತ್ತು ವರ್ಷ ಎಲ್ಲರೆದುರು ಅಂದವನು ಈಗ ಹೋಗಿ ಒಂದು ಮೀಟರು ಕೊಂಡರೆ, ಸಾಲಿನವರೆಲ್ಲ ಅದನ್ನು ನೋಡುವುದಿಲ್ಲ, ಅವನ ಕಿವಿಯನ್ನು ನೋಡುತ್ತಾರೆ.

ಹತ್ತು ಗಂಟೆಗೆ ಕರಗಿದ ಹಿಮದ ಕೆಸರನ್ನು ಇಬ್ಬದಿಗೂ ಸಿಡಿಸುತ್ತ ಆ ಬಿಳಿ ಜೀಪು ಬಂತು. ಜಪಾನಿನಿಂದ ಬಂದದ್ದು, ಮನೆಯಷ್ಟು ದೊಡ್ಡದು. ಅದು ತಿರುಗುವಾಗ ಸಾಲಿನ ಅರ್ಧ ಅಂಗಡಿಗಳಿಗೆ ಬಿಸಿಲು ತಪ್ಪಿತು. ಅದರ ಎಡಗಡೆಯ ಮುಂದಿನ ಸೀಟು ಡ್ಯಾಶ್‌ಬೋರ್ಡಿಗೆ ಮೂಗು ತಾಗಿಸಿಕೊಂಡು ನಿಂತಿದ್ದನ್ನು ಕಂಡು ಕಸೀಮಾಲಿ ಕೈ ಒರೆಸಿಕೊಳ್ಳುತ್ತ ಎದ್ದ. ಆರು ವಾರದ ಹಿಂದೆ ಅವನೇ ನೋಡಿ ಕಳಿಸಿದ್ದ ಸೀಟು ಅದು. ಸ್ವಿಚ್ಚು ಒತ್ತಿಸಿ, ತಲೆಯನ್ನು ಸೀಟಿನಡಿಗೆ ತೂರಿಸಿ, ಎಂದಿನಂತೆ ಕಣ್ಣು ಮುಚ್ಚಿ, ಎಂದಿನಂತೆ ಎಣಿಸಿ, “ಟಿಕ್ ಇಲ್ಲ. ಬಾಕ್ಸು ಸತ್ತಿದೆ. ಹೊರದೇಶದಿಂದ ತರಿಸಬೇಕು” ಎಂದಿದ್ದ. ಜೀಪಿನ ಯಜಮಾನ ಎಸೆನ್‌ಕುಲ್, ಮೂವತ್ತು ವರ್ಷ ನಾರಿನ್ ಕಡೆಯ ಘಟ್ಟಗಳಲ್ಲಿ ಲಾರಿ ಓಡಿಸಿದ ಮುದುಕ, ಸೊಂಟಕ್ಕೆ ಕಬ್ಬಿಣದ ಕೀಲು ಹಾಕಿಸಿಕೊಂಡು ಕಾಲು ನೀಡಿಯೇ ಕೂರಬೇಕಾದವನು, ಆ ದಿನ ಕೋಲೂರಿಕೊಂಡು ನಿಂತು ತಲೆಬಾಗಿ “ನಿನ್ನ ಕಿವಿಗೆ ಎಷ್ಟು ಆಯುಸ್ಸಿದೆಯೋ ಅಷ್ಟು ನಿನಗೂ ಇರಲಿ, ಉಸ್ತಾ” ಎಂದು, ಕಸುಬಿನ ಗುರುವನ್ನು ಕರೆಯುವ ಹಾಗೆ ಕರೆದು, ಹರಸಿ ಹೋಗಿದ್ದ. ಹರಕೆಯೋ ಶಾಪವೋ ಎಂದು ಆ ರಾತ್ರಿ ಇವನು ಮಲಗಿ ಯೋಚಿಸಿದ್ದ.

ಇವತ್ತು ಬಂದವಳು ಮುದುಕನ ಮಗಳು ತುರ್ಸುನಾಯ್, ಆವತ್ತು ಸ್ವಿಚ್ಚು ಒತ್ತಿದವಳು. ಶಾಲೆಯಲ್ಲಿ ಗಣಿತ ಹೇಳುವವಳು. ಕೊನೆಯ ಬೆಂಚಿನವರೆಗೂ ತಲುಪಿ ಅಲ್ಲಿ ಮಲಗಿದವನನ್ನೂ ಎಬ್ಬಿಸುವ ದನಿ ಅವಳದು. ಆ ದನಿಗಾಗಿಯೇ ಕಸೀಮಾಲಿಗೆ ಅವಳ ಮೇಲೆ ಒಂದು ಮಮತೆ. ಈ ಊರಿನಲ್ಲಿ ಅವನು ಊಹಿಸದೆ ಕೇಳಬಲ್ಲ ದನಿ ಅವಳದೊಂದೇ ಇರಬೇಕು.

“ಬಾಕ್ಸು ಬಂತು ಉಸ್ತಾ, ಕಡೆಗೂ. ನಾಳೆ ನಮ್ಮತ್ತೆಯ ನಲವತ್ತನೇ ದಿನದ ಕಾರ್ಯ. ಮಧ್ಯಾಹ್ನದೊಳಗೆ ಹೊರಟರೆ ರಾತ್ರಿಯೊಳಗೆ ನಾರಿನ್ ಸೇರ್ತೀವಿ. ಮಣ್ಣಿಗಂತೂ ಅಪ್ಪ ಹೋಗಲಿಲ್ಲ. ಇದೂ ತಪ್ಪಿದರೆ ಅವರು ಬದುಕೋದಿಲ್ಲ.”

“ಯಾವತ್ತೆ?”

“ಬಾತ್ಮಾ ಅತ್ತೆ. ನಿಮಗೆ ಗೊತ್ತಿಲ್ವಾ? ನಾವು ನಿಮ್ಮ ಹತ್ತಿರ ಬಂದುಹೋದ ಮೂರನೇ ದಿನ ತೀರಿಕೊಂಡ್ರು. ಅಪ್ಪನಿಗಿದ್ದ ಒಬ್ಬಳೇ ತಂಗಿ. ಪಕ್ಕದ ಮನೆಯವರ ಸಣ್ಣ ಕಾರಿನಲ್ಲಿ ಕೂರಿಸಿಕೊಂಡು ಹೊರಟ್ವಿ. ತೋಕ್ಮೋಕ್ ದಾಟೋ ಹೊತ್ತಿಗೆ ಸೊಂಟ ಹಿಡಿದುಕೊಂಡು ಕೂಗೋಕೆ ಶುರು ಮಾಡಿದ್ರು. ಹಿಂದಕ್ಕೆ ತಿರುಗಿಸಿದ್ವಿ. ಅವಳ ಮೇಲೆ ಒಂದು ಹಿಡಿ ಮಣ್ಣು ಹಾಕೋದಕ್ಕಾಗಲಿಲ್ಲ ಅಂತ ಗೋಡೆ ಕಡೆ ತಿರುಗಿ ಮಲಗಿಬಿಟ್ರು.”

ಕಸೀಮಾಲಿ “ಅಯ್ಯೋ” ಎಂದ. ಈ ಸಲ ಊಹಿಸಿ ಅಂದದ್ದಲ್ಲ.

ಅವನು ಸೀಟಿನ ಬೋಲ್ಟು ಬಿಚ್ಚಿ, ಅದನ್ನು ಹಿಂದಕ್ಕೆ ಮಲಗಿಸಿ, ಹಳೆಯ ಬಾಕ್ಸು ತೆಗೆದ. ಸೀಟಿನಡಿಯಲ್ಲಿ ಎಲ್ಲರ ಸೀಟಿನಡಿಯಲ್ಲೂ ಇರುವುದೇ ಇತ್ತು: ಸೂರ್ಯಕಾಂತಿ ಬೀಜದ ಸಿಪ್ಪೆ, ಕಲ್ಲಿನಂತಾದ ಒಣಮೊಸರಿನ ಉಂಡೆಗಳು, ಮತ್ತು ಹುಳಿ ಕುದುರೆಹಾಲಿನ ವಾಸನೆ. ಬೇಸಗೆಯಲ್ಲಿ ಮೇಲಿನ ಹುಲ್ಲುಗಾವಲಿನಿಂದ ಬಾಟಲಿ ತುಂಬಿಸಿಕೊಂಡು ಇಳಿಯುವಾಗ ಅದು ಹುಳಿಯೇರಿ ಸಿಡಿಯದ ಗಾಡಿ ಈ ದೇಶದಲ್ಲಿ ಒಂದೂ ಇಲ್ಲ. ನಮ್ಮ ರಸ್ತೆಗಳಲ್ಲಿ ಬಾಂಬಿಗಿಂತ ಹೆಚ್ಚು ಕುದುರೆಹಾಲು ಸಿಡಿದಿದೆ. ಬೆರಳುಗಳು ತಮ್ಮ ಪಾಡಿಗೆ ಹೊಸ ಬಾಕ್ಸಿಗೆ ಪ್ಲಗ್ಗು ಸಿಕ್ಕಿಸುತ್ತಿದ್ದವು. ತಲೆಯಲ್ಲಿ ಬುರುಲ್ ಬಂದು ನಿಂತಿದ್ದಳು. ಹನ್ನೊಂದು ವರ್ಷದಿಂದ ಮಾಸ್ಕೋದಲ್ಲಿ ಕಚೇರಿಗಳ ನೆಲ ಒರೆಸುವ ಅವನ ಹೆಂಡತಿ ಪ್ರತಿ ಭಾನುವಾರ ಫೋನ್ ಮಾಡುತ್ತಿದ್ದಳು. ಫೋನಿನಲ್ಲಿ ಬಾಯಿ ಕಾಣುವುದಿಲ್ಲ, ಹೊಟ್ಟೆ ಕಾಣುವುದಿಲ್ಲ. ಅಲ್ಲಿ ಅವಳ ದನಿ ನೀರಿನಡಿಯಿಂದ ಬರುವ ಗುಳ್ಳೆಗಳಂತೆ ಬರುತ್ತಿತ್ತು, ಇವನು ಗುಳ್ಳೆಗೊಂದು ಹೂಂ ಕೊಡುತ್ತಿದ್ದ. ನವೆಂಬರಿನ ಒಂದು ಭಾನುವಾರ ಅವಳು ಬಹಳ ಹೊತ್ತು ಏನೋ ಹೇಳಿದಳು, ಕೊನೆಗೆ ದನಿ ಮೇಲೆದ್ದು ನಿಂತಿತು, ಪ್ರಶ್ನೆ ನಿಲ್ಲುವ ಹಾಗೆ. ಇವನು ಸ್ವಲ್ಪ ಕಾದು, “ನಿನ್ನಿಷ್ಟ” ಎಂದ. ಆಚೆ ಕಡೆ ಮೌನವೋ, ಸಣ್ಣ ದನಿಯೋ, ಫೋನಿಟ್ಟದ್ದೋ, ಯಾವುದೆಂದು ತಿಳಿಯದೆ ಇನ್ನಷ್ಟು ಹೊತ್ತು ಫೋನು ಹಿಡಿದು ಕೂತಿದ್ದ. ಆಮೇಲಿನ ಭಾನುವಾರಗಳಲ್ಲಿ ಫೋನು ಬರಲಿಲ್ಲ, ಅಥವಾ ಬಂದದ್ದು ಕೇಳಿಸಲಿಲ್ಲ.

“ಒತ್ತಮ್ಮ” ಎಂದ, ತಲೆ ಸೀಟಿನಡಿಗಿಟ್ಟು.

ತುರ್ಸುನಾಯ್ ಒತ್ತಿದಳು. ಸೀಟು ಮಿಸುಕಲಿಲ್ಲ.

“ಇನ್ನೊಂದ್ಸಲ.”

ಮತ್ತೆ ಒತ್ತಿದಳು. ಅವನ ಕಿವಿಯೊಳಗೆ ಜಗತ್ತಿನ ಹಿಮವೆಲ್ಲ ಬಂದು ಬಿದ್ದಷ್ಟು ನಿಶ್ಶಬ್ದ. ಇದೂ ಸತ್ತ ಬಾಕ್ಸೇ, ಕಳಿಸಿದವರು ಮೋಸ ಮಾಡಿದ್ದಾರೆ ಎಂಬ ಮಾತು ನಾಲಿಗೆಯ ತುದಿಗೆ ಬಂದು ನಿಂತಿತು. ಅದು ನಿಂತಷ್ಟು ಹೊತ್ತಿನಲ್ಲಿ ತುರ್ಸುನಾಯ್ ಬಗ್ಗಿ, ಶಾಲೆಯ ದನಿಯನ್ನು ತಗ್ಗಿಸಿ, ಆದರೂ ಅವನಿಗೆ ಕೇಳುವಂತೆ, “ಉಸ್ತಾ, ತಪ್ಪು ತಿಳಿಬೇಡಿ” ಎಂದಳು.

“ಏನಮ್ಮ?”

“ಟಿಕ್ ಅಂತಿದೆ.”

“ಈಗಾ?”

“ಈಗಲೂ ಅಂತು. ಆವತ್ತೂ ಅಂದಿತ್ತು.”

ಅವನು ತಲೆಯನ್ನು ಹೊರಗೆಳೆದುಕೊಂಡ. ಹಣೆಗೆ ಸೀಟಿನ ಹಳಿಯ ಜಿಡ್ಡು ಮೆತ್ತಿತ್ತು. “ಆವತ್ತು ಅಂದಿತ್ತಾ? ಹಾಗಾದ್ರೆ ಆವತ್ತೇ ಹೇಳೋದಲ್ವಾ?”

“ಬಾಯಿ ತೆರೆದೆ. ಅಪ್ಪ ಮೊಣಕೈಯಿಂದ ತಿವಿದ್ರು. ಆಮೇಲೆ ದಾರೀಲಿ ಬೈದ್ರು. ಉಸ್ತಾ ಇಲ್ಲ ಅಂದ ಮೇಲೆ ಇಲ್ಲ, ಅವನೆದುರಿಗೆ ಇದೆ ಅನ್ನೋಕೆ ನೀನ್ಯಾರೇ ಅಂದ್ರು. ಅವರಿಗೂ ಕೇಳಿಸಿತ್ತು. ಮನೆಗೆ ಬಂದವರೇ ಎಣ್ಣೆ ಬಿಸಿ ಮಾಡಿಸಿ ತಮ್ಮ ಕಿವಿಗೆ ಬಿಟ್ಟುಕೊಂಡ್ರು. ನಂಗೆ ವಯಸ್ಸಾಯ್ತು, ಇಲ್ಲದ್ದೆಲ್ಲ ಕೇಳಿಸ್ತಾ ಇದೆ ಅಂತ.”

ಮೂವತ್ತು ವರ್ಷ ಘಟ್ಟದಲ್ಲಿ ಲಾರಿಯ ಇಂಜಿನ್ನಿನ ಕೆಮ್ಮನ್ನು ಕೇಳಿ ಕೇಳಿ ಬದುಕುಳಿದ ಕಿವಿ ಅದು. ಆ ಕಿವಿಗೆ ಮುದುಕ ಎಣ್ಣೆ ಬಿಟ್ಟುಕೊಳ್ಳುವುದು ಕಸೀಮಾಲಿಗೆ ಕಂಡಿತು: ಒಂದು ಪಕ್ಕಕ್ಕೆ ಮಲಗಿ, ಹತ್ತಿ ಇಟ್ಟುಕೊಂಡು, ಗೋಡೆಯ ಕಡೆ ಮುಖ ಮಾಡಿ, ತಂಗಿ ಸತ್ತ ಸುದ್ದಿಯನ್ನು ಅದೇ ಎಣ್ಣೆಯ ಕಿವಿಯಲ್ಲಿ ಕೇಳಿ. ಒಂದು ವೈರು ಹುಡುಕಿದ್ದರೆ ಆ ಮಧ್ಯಾಹ್ನವೇ ಮುಗಿಯುತ್ತಿದ್ದ ಕೆಲಸ. ಆರು ವಾರ. ಒಂದು ಹಿಡಿ ಮಣ್ಣು. ಎಲ್ಲರಿಗೂ ಕೇಳಿದ್ದು ಇವನೊಬ್ಬನಿಗೆ ಕೇಳದೆ, ಇವನಿಗೆ ಕೇಳದ್ದಕ್ಕೆ ಎಲ್ಲರೂ ತಮ್ಮ ಕಿವಿಯನ್ನು ದೂರಿಕೊಂಡು ಮನೆಗೆ ಹೋಗಿದ್ದರು. ಇನ್ನೆಷ್ಟು ಜನ ಹೋಗಿರಬಹುದು? ಜನವರಿಯಲ್ಲಿ ಬಂದಿದ್ದ ಆ ಕೆಂಪು ಕಾರಿನವನು, ಟ್ಯಾಕ್ಸಿಯ ಹೆಂಗಸು, ತಲೆ ಕೆರೆದುಕೊಂಡು ನಿಂತು “ಸರಿ ಉಸ್ತಾ, ನೀವಂದ ಹಾಗೆ” ಎಂದವರೆಲ್ಲ ಈಗ ಮನಸ್ಸಿನಲ್ಲಿ ಸಾಲುಗಟ್ಟಿ ನಿಂತರು, ಎಲ್ಲರ ಕಿವಿಯಿಂದಲೂ ಎಣ್ಣೆ ಸುರಿಯುತ್ತಿತ್ತು.

ಆಗಲೂ ಅವನಿಗೆ ದಾರಿಗಳಿದ್ದವು, ಇಲ್ಲವೆಂದಲ್ಲ. ಸುಳ್ಳಿನಲ್ಲಿ ಅವನಷ್ಟು ಪಳಗಿದವನು ಈ ಸಾಲಿನಲ್ಲಿ ನನ್ನನ್ನು ಬಿಟ್ಟರೆ ಇನ್ನೊಬ್ಬನಿಲ್ಲ. ಟಿಕ್‌ನಲ್ಲಿ ಎರಡು ಜಾತಿ ಇದೆಯಮ್ಮ, ಇದು ಸಾಯುವ ಟಿಕ್ಕು ಎನ್ನಬಹುದಿತ್ತು. ಅವಳು ತಲೆಯಾಡಿಸುತ್ತಿದ್ದಳು. ಇನ್ನೊಂದು ಬಾಕ್ಸು ತರಿಸು ಎನ್ನಬಹುದಿತ್ತು. ತರಿಸುತ್ತಿದ್ದಳು. ಮುದುಕ ಇನ್ನಷ್ಟು ಎಣ್ಣೆ ಕಾಯಿಸುತ್ತಿದ್ದ. ನಂಬುವವರೆದುರು ಸುಳ್ಳು ಹೇಳುವುದು ಎಷ್ಟು ಸಲೀಸೆಂಬುದೇ ಅವನನ್ನು ಹೆದರಿಸಿತು. ಸ್ವಿಚ್ಚಿನ ಮೇಲಿದ್ದ ಅವಳ ಬೆರಳನ್ನು ನೋಡಿದ. ಉಗುರಿನ ಸಂದಿಯಲ್ಲಿ ಸೀಮೆಸುಣ್ಣ. ಹೇಳಿದ ತಕ್ಷಣ ಒತ್ತಲು ತಯಾರಾಗಿ ಆ ಬೆರಳು ಕಾಯುತ್ತಿತ್ತು.

“ನನಗೆ ಕೇಳಿಸೋದಿಲ್ಲ” ಎಂದ.

ಪಿಸುಗುಟ್ಟಿದೆನೆಂದೇ ಅವನು ಅಂದುಕೊಂಡಿದ್ದ. ತನ್ನ ದನಿಯ ಅಳತೆಯೂ ತನಗೆ ತಪ್ಪಿದೆಯೆಂದು ಗೊತ್ತಾದದ್ದು ಆಚೆ ಗೆನಾ ಟೈರಿನ ಮೇಲೆ ಎತ್ತಿದ್ದ ಸುತ್ತಿಗೆಯನ್ನು ಹಾಗೇ ಎತ್ತಿಕೊಂಡು ನಿಂತದ್ದನ್ನು ಕಂಡಾಗ. ಎದುರಿನ ಪೆಟ್ಟಿಗೆಯಿಂದ ಗಾಜಿನವನು ತಲೆ ಹೊರಗೆ ಹಾಕಿದ. ಸಾಲಿಗೆ ಸಾಲೇ, ಬಜಾರಿಗೆ ಬಜಾರೇ, ನಾನು ಹೇಳುತ್ತೇನೆ, ಆ ಬೆಟ್ಟಗಳ ಮೇಲಿನ ಹಿಮವೂ ಒಂದು ಕ್ಷಣ ಕರಗುವುದನ್ನು ನಿಲ್ಲಿಸಿ ಈ ಕಡೆ ತಿರುಗಿತು. ಯಾರೂ ನಗಲಿಲ್ಲ. ನಕ್ಕಿದ್ದರೆ ಚೆನ್ನಾಗಿತ್ತು, ಹೊಟ್ಟೆ ನೋಡಿ ತಾನೂ ನಗಬಹುದಿತ್ತು ಎಂದು ಕಸೀಮಾಲಿಗೆ ಅನಿಸಿತು. ಗೆನಾ ಸುತ್ತಿಗೆಯನ್ನು ಮೆಲ್ಲಗೆ, ಮಲಗಿದ ಮಗುವಿನ ಪಕ್ಕದಲ್ಲಿಡುವ ಹಾಗೆ ಕೆಳಗಿಟ್ಟು ಒಳಗೆ ಹೋದ. ಆ ಮರ್ಯಾದೆ ಕೆನ್ನೆಗೆ ಹೊಡೆದ ಹಾಗಿತ್ತು.

ತುರ್ಸುನಾಯ್ ಮಾತ್ರ ಪಾಠದ ನಡುವೆ ಯಾರೋ ಬಾಗಿಲು ತೆರೆದು ಮುಚ್ಚಿದರೆ ಮಾಡುವಂತೆ ಒಂದು ಉಸಿರು ನಿಂತು, “ಹಾಗಾದ್ರೆ ನಾನು ಕೇಳ್ತೀನಿ, ನೀವು ನೋಡಿ. ಏನು ಕೇಳ್ಬೇಕು ಹೇಳಿ” ಎಂದಳು.

“ಟಿಕ್ ಆದ್ಮೇಲೆ ಗುಂಯ್ ಅಂತಿದೆಯಾ? ಮೋಟಾರು ತಿಣುಕೋ ಹಾಗೆ?”

“ಇಲ್ಲ. ಟಿಕ್ ಅಷ್ಟೇ. ಆಮೇಲೆ ಏನೂ ಇಲ್ಲ.”

“ಏನೂ ಅಂದ್ರೆ ಏನೂ ಇಲ್ವಾ?”

“ಉಸ್ತಾ, ನಲವತ್ತು ಹುಡುಗರ ತರಗತೀಲಿ ಯಾರು ಬೀಜ ಅಗೀತಿದ್ದಾರೆ ಅಂತ ಬೋರ್ಡಿಗೆ ಮುಖ ಮಾಡಿಕೊಂಡೇ ಹೇಳ್ತೀನಿ ನಾನು. ಏನೂ ಇಲ್ಲ.”

ತಿಣುಕದ ಮೋಟಾರಿಗೆ ಕರೆಂಟೇ ತಲುಪುತ್ತಿಲ್ಲ. ಬಾಕ್ಸಿಗೂ ಮೋಟಾರಿಗೂ ನಡುವೆ, ಕಾರ್ಪೆಟ್ಟಿನಡಿಯಲ್ಲಿ, ಸೀಟು ಹಿಂದೆ ಮುಂದೆ ಹೋದಾಗಲೆಲ್ಲ ಬಳುಕುವ ವೈರಿನ ಕಟ್ಟು. ಅವನು ಕಾರ್ಪೆಟ್ಟು ಎತ್ತಿದ. ವೈರುಗಳ ಮೇಲೆ ಗೀರೂ ಇರಲಿಲ್ಲ. ಕಣ್ಣಿಗೆ ಎಲ್ಲ ನೆಟ್ಟಗಿತ್ತು. “ಒತ್ತಿ ಹಿಡಿ, ಬಿಡಬೇಡ” ಎಂದು ಹೇಳಿ ದಪ್ಪನೆಯ ನೀಲಿ ವೈರನ್ನು ಪ್ಲಗ್ಗಿನ ಕಡೆಯಿಂದ ಬೆರಳಗಲ ಬೆರಳಗಲಕ್ಕೆ ಬಗ್ಗಿಸುತ್ತ ಬಂದ. “ಈಗ?” “ಇಲ್ಲ.” “ಈಗ?” “ಇಲ್ಲ.” ಅವಳ ಉಸಿರು ಅವನ ಬೆನ್ನಿಗೆ ತಾಗುತ್ತಿತ್ತು. ಇಷ್ಟು ಹತ್ತಿರ ಕೂತು ಯಾರಾದರೂ ತನ್ನ ಪ್ರಶ್ನೆಗೆ ಉತ್ತರ ಹೇಳಿ ಎಷ್ಟು ಕಾಲವಾಯಿತು ಎಂದು ನೆನೆಯಲು ಹೋಗಿ, ಲೆಕ್ಕ ಮಾಸ್ಕೋದ ಕಡೆಗೆ ಹೊರಟಾಗ ಬಿಟ್ಟುಬಿಟ್ಟ. “ಈಗ?” “ಇಲ್ಲ.” ಅಲ್ಲೊಂದು ಕಡೆ ಬೆರಳಿಗೆ ವೈರು ಮೆತ್ತಗಾಯಿತು, ಒಳಗೆ ಮೂಳೆಯಿಲ್ಲದ ಹಾಗೆ.

“ಗುರ್ ಅಂತು! ಉಸ್ತಾ, ಗುರ್ ಅಂತು!”

ಅವನಿಗೂ ಅದು ಸಿಕ್ಕಿತು, ಮೊಣಕೈಯಲ್ಲಿ. ಸೀಟು ಕೂದಲೆಳೆಯಷ್ಟು ನಡುಗಿತ್ತು. ಸಿಪ್ಪೆ ಸೀಳಿ ನೋಡಿದರೆ ಒಳಗೆ ತಾಮ್ರವಿರಲಿಲ್ಲ, ಹಸಿರು ಪುಡಿಯಿತ್ತು. ಯಾವುದೋ ಬೇಸಗೆಯ ಕುದುರೆಹಾಲು ಪ್ಲಗ್ಗಿನಿಂದ ವೈರಿನೊಳಗೆ ಇಳಿದು, ಹೊರಗೊಂದು ಗುರುತೂ ತೋರದೆ, ವರ್ಷಗಟ್ಟಲೆ ನಿಧಾನವಾಗಿ ತಿಂದು ಮುಗಿಸಿತ್ತು. ಗೇಣುದ್ದ ಕತ್ತರಿಸಿ ಹೊಸ ವೈರು ಬೆಸೆದು ಮುಗಿಸಲು ಟೀ ಆರುವಷ್ಟು ಹೊತ್ತೂ ಬೇಕಾಗಲಿಲ್ಲ. ತುರ್ಸುನಾಯ್ ಸ್ವಿಚ್ಚು ಒತ್ತಿದಳು. ಸೀಟು ಡ್ಯಾಶ್‌ಬೋರ್ಡು ಬಿಟ್ಟು ಹಿಂದೆ ಸರಿಯಿತು, ಸರಿಯಿತು, ರಾಜ ಸಿಂಹಾಸನ ಹಿಂದಕ್ಕೆ ಹಾಕಿಕೊಳ್ಳುವ ಗತ್ತಿನಲ್ಲಿ ಕೊನೆಯವರೆಗೂ ಸರಿದು ನಿಂತಿತು. ಅವಳು ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಳು.

“ಬನ್ನಿ ಉಸ್ತಾ, ಅಪ್ಪನಿಗೆ ನೀವೇ ಹೇಳಿ. ಬಾಕ್ಸು ಸರಿಯಾಗೇ ಇತ್ತು ಅಂತ ನಾನಂದ್ರೆ ಅವರು ನಂಬೋದಿಲ್ಲ. ನನ್ನನ್ನೇ ಬೈತಾರೆ. ನೀವಂದ್ರೆ ಮಾತ್ರ ಆ ಎಣ್ಣೆ ನಿಲ್ಲಿಸ್ತಾರೆ.”

ಜೀಪು ಹೋಗಿ ನಿಂತ ಮನೆಯ ಗೇಟಿನ ಮುಂದೆ ಬೆಂಚಿನ ಮೇಲೆ ಎಸೆನ್‌ಕುಲ್ ಹಬ್ಬಕ್ಕಿಡುವ ಬಿಳಿ ಉಣ್ಣೆಯ ಟೋಪಿ ಇಟ್ಟು, ಕೋಲಿನ ಮೇಲೆ ಎರಡೂ ಕೈಯೂರಿ ಕಾದಿದ್ದ. ಎಷ್ಟು ಹೊತ್ತಿನಿಂದ ಎಂದು ಕೇಳಿದರೆ ಬೂಟಿನ ಸುತ್ತ ಕರಗಿದ ಹಿಮ ಹೇಳುತ್ತಿತ್ತು. ಬಲಗಿವಿಯಲ್ಲಿ ಹತ್ತಿ. ಕಸೀಮಾಲಿ ಅವನೆದುರು ನಿಂತು, ದನಿ ಎಷ್ಟಿದೆಯೆಂದು ತಿಳಿಯದೆ ಇಡೀ ಬೀದಿಗೆ ಹೇಳುವಂತೆ ಹೇಳಿದ.

“ಯಜಮಾನ್ರೇ, ಆವತ್ತು ಟಿಕ್ ಅಂದಿತ್ತು. ನಿಮ್ಮ ಕಿವಿ ಸರಿಯಾಗಿದೆ. ಹೋಗಿರೋದು ನನ್ನದು. ಗೊತ್ತಿದ್ದೂ ಹೇಳಲಿಲ್ಲ. ಒಂದು ವೈರು, ಅಷ್ಟೇ. ಆವತ್ತೇ ಆಗಿಹೋಗೋದು.”

ಮುದುಕ ಹತ್ತಿಯನ್ನು ಎರಡು ಬೆರಳಲ್ಲಿ ಎಳೆದು ತೆಗೆದು, ಅದನ್ನೊಮ್ಮೆ ನೋಡಿ, ಕೆಸರಿಗೆ ಹಾಕಿದ. ಬಾಯಿ ಆಡಿತು. ಕಸೀಮಾಲಿ ತುಟಿಯನ್ನೇ ನೋಡುತ್ತಿದ್ದುದರಿಂದ ಒಂದು ಮಾತೂ ತಪ್ಪಲಿಲ್ಲ.

“ಬಾತ್ಮಾ ನನಗಿಂತ ಒಂಬತ್ತು ವರ್ಷ ಚಿಕ್ಕವಳು. ನಾನೇ ಎತ್ತಿ ಆಡಿಸಿದ್ದು. ಅವಳ ಮೇಲೆ ಊರವರೆಲ್ಲ ಮಣ್ಣು ಹಾಕಿದ್ರು.”

“ಗೊತ್ತು ಯಜಮಾನ್ರೇ.”

“ನಿನಗೇನು ಗೊತ್ತು?” ಎಂದ ಮುದುಕ. ಕೋಲಿನಿಂದ ಜೀಪನ್ನು ತೋರಿಸಿ, “ಹತ್ತು” ಎಂದ.

“ಎಲ್ಲಿಗೆ?”

“ನಾರಿನ್‌ಗೆ. ನನ್ನ ಹತ್ತಿರ ಯಾಕೆ ಹೇಳ್ತೀಯ? ಅವಳ ಹತ್ತಿರ ಬಂದು ಹೇಳು. ನಾನ್ಯಾಕೆ ಬರಲಿಲ್ಲ ಅಂತ ಅವಳಿಗೆ ಗೊತ್ತಾಗಬೇಕಲ್ಲ.”

ಅಲ್ಲಿ ಬಜಾರಿನಲ್ಲಿ ಅಂಗಡಿಯ ಬಾಗಿಲು ತೆರೆದೇ ಇತ್ತು. ಮೈಮೇಲೆ ಜಿಡ್ಡಿನ ಕೋಟು, ಜೇಬಿನಲ್ಲಿ ಇಕ್ಕಳ. ಬರುವುದಿಲ್ಲವೆನ್ನಲು ಒಂದು ಕಾರಣ ಸಿಗುವ ಮೊದಲೇ ಅವನು ಹಿಂದಿನ ಸೀಟಿನಲ್ಲಿದ್ದ. ಬೆನ್ನ ಹಿಂದೆ, ಸಾಮಾನಿನ ಜಾಗದಲ್ಲಿ, ನಾಳೆಯ ಊಟದ ಕುರಿ ಕಾಲು ಕಟ್ಟಿಸಿಕೊಂಡು ಮಲಗಿತ್ತು. ಅದು ಅರಚಿದಾಗಲೆಲ್ಲ ಇವನ ಕುತ್ತಿಗೆಗೆ ಬಿಸಿಗಾಳಿ ಮಾತ್ರ ಬರುತ್ತಿತ್ತು. ಎಸೆನ್‌ಕುಲ್ ಮುಂದೆ ಕೂತು ಕಾಲು ನೀಡಿ ಸ್ವಿಚ್ಚು ಒತ್ತಿದ. ಇವನು ಹತ್ತಲೆಂದು ಮುಂದೆ ಸರಿಸಿದ್ದ ಸೀಟು ಹಿಂದೆ ಬಂದು ಕಸೀಮಾಲಿಯ ಎರಡೂ ಮಂಡಿಯನ್ನು ಅವಚಿ ನಿಂತಿತು. ಮೋಟಾರಿನ ಗುಂಯ್ ಎಂಬುದು ಮಂಡಿಯ ಮೂಳೆಯಿಂದ ಹತ್ತಿ ಸೊಂಟದವರೆಗೂ ಬಂತು. ಚೊಕ್ಕವಾದ ಮೋಟಾರು, ಗಿಯರಿನ ಒಂದು ಹಲ್ಲೂ ಸವೆದಿಲ್ಲ ಎಂದು ಅವನಿಗೆ ಅನ್ನಿಸಿತು. ಕಾಲು ಎಳೆದುಕೊಳ್ಳಲಿಲ್ಲ.

ತೋಕ್ಮೋಕ್ ದಾಟಿತು. ಹಿಂದೊಮ್ಮೆ ಮುದುಕ ಕೂಗಿ ತಿರುಗಿಸಿದ ಜಾಗ ಯಾವುದೋ, ಯಾರೂ ತೋರಿಸಲಿಲ್ಲ. ಕಣಿವೆಯ ಬಾಯಲ್ಲಿ, ಹೊಳೆಯ ಪಕ್ಕಕ್ಕೆ ರಸ್ತೆ ತಿರುಗುವಾಗ, ಮುದುಕ ಏನೋ ಹೇಳತೊಡಗಿದ. ಬೋಳು ಕತ್ತಿನ ಹಿಂದಿನ ಸುಕ್ಕುಗಳು ಆಡುತ್ತಿದ್ದುದು ಮಾತ್ರ ಕಾಣುತ್ತಿತ್ತು. ಒಂದು ಕೈ ಎತ್ತಿ ಬೆಟ್ಟವನ್ನು ತೋರಿಸಿತು, ಮಗುವೊಂದರ ಎತ್ತರವನ್ನು ತೋರಿಸಿತು, ಕೆಳಗಿಳಿಯಿತು. ಕೊನೆಗೆ ಮುದುಕ ಅರ್ಧ ಹೊರಳಿ, ಹುಬ್ಬು ಏರಿಸಿ ಕಾದ.

ಹೂಂ ಎನ್ನಲು ಗಂಟಲು ತಯಾರಾಗಿತ್ತು.

“ಕೇಳಿಸ್ಲಿಲ್ಲ ಯಜಮಾನ್ರೇ. ಇನ್ನೊಂದ್ಸಲ ಹೇಳಿ.”

ಮುದುಕ ಇನ್ನೊಮ್ಮೆ ಹೇಳಿದ. ಜೀಪು ಹಳ್ಳಕ್ಕೆ ಬಿದ್ದು ತುಟಿಗಳು ಕುಲುಕಿದವು. ಗಾಡಿ ಓಡಿಸುತ್ತಿದ್ದ ತುರ್ಸುನಾಯ್ ತಿರುವಿನಲ್ಲಿ ಕಣ್ಣಿಟ್ಟಿದ್ದಳು, ಸಹಾಯಕ್ಕೆ ಬರುವ ಹಾಗಿರಲಿಲ್ಲ.

“ಇಲ್ಲ. ಕೇಳಿಸ್ಲಿಲ್ಲ.”

ಮುದುಕ ಅವನ ಮುಖವನ್ನೂ, ಅವನ ಕಿವಿಯನ್ನೂ, ಹಿಂದಿನ ಕುರಿಯನ್ನೂ ನೋಡಿದ. ಕೈಯನ್ನು ಗಾಳಿಯಲ್ಲಿ ಒಮ್ಮೆ ಬೀಸಿದ.

“ಏನಿಲ್ಲ ಬಿಡು” ಎಂದ.

ಅದು ಮಾತ್ರ ಕಸೀಮಾಲಿಗೆ ಅಕ್ಷರ ಅಕ್ಷರವೂ ತಿಳಿಯಿತು. ಮುದುಕ ರಸ್ತೆಯ ಕಡೆ ತಿರುಗಿ, ತನ್ನಷ್ಟಕ್ಕೆ ತಾನು ಮತ್ತೆ ಶುರು ಮಾಡಿದ. ಕತ್ತಿನ ಸುಕ್ಕುಗಳು ಆಡುತ್ತಲೇ ಇದ್ದವು, ಘಟ್ಟ ಹತ್ತುವವರೆಗೂ, ಹತ್ತಿದ ಮೇಲೂ.